ಐದು ನಿಮಿಷಕ್ಕೂ ಕಾರಿನಲ್ಲಿ ಬಿಡಬೇಡಿ

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಖಡಾಖಂಡಿತ: ನಿದ್ದೆಹೋದ ಮಗುವನ್ನು ಕಾರಿನಲ್ಲೇ ಬಿಟ್ಟು ಅಂಗಡಿಗೆ ಹೋಗಬೇಡಿ, ಹಾಲಿನ ಪ್ಯಾಕೆಟ್ ತರುವಷ್ಟು ಹೊತ್ತಿಗೂ ಬೇಡ. ಬಿಸಿಲಲ್ಲಿ ನಿಂತ ಕಾರಿನೊಳಗಿನ ತಾಪ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಲ್ಲದು. ಗಾಜನ್ನು ಎರಡು ಬೆರಳಷ್ಟು ಇಳಿಸಿಟ್ಟರೂ ಹೆಚ್ಚೇನೂ ಪ್ರಯೋಜನವಿಲ್ಲ. ಪುಟ್ಟ ಮಕ್ಕಳ ಮೈ ದೊಡ್ಡವರದಕ್ಕಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ‘ಬೆಂಗಳೂರಿನ ಹವೆ ತಂಪಲ್ಲವೇ’ ಎಂದು ಕೇಳಿದ್ದೀರಿ. ಹೊರಗೆ 25 ಡಿಗ್ರಿ ಇದ್ದರೂ ಅಪಾಯ ಅಪಾಯವೇ. ಎಬ್ಬಿಸಿದರೆ ಮಗ ಅಳುತ್ತಾನೆ, ನಿಜ. ಅಳಲಿ, ಎತ್ತಿಕೊಂಡೇ ಹೋಗಿ.

ಇನ್ನು ಅಂಗಡಿಗೆ ಹೋದಾಗ ನಾಲ್ಕು ವರ್ಷದ ಮಗಳು ಮಾಡುವ ರಂಪಾಟ. ಅವಳನ್ನು ಹಠಮಾರಿ ಎನ್ನಬೇಡಿ. ನೀವು ಹೊರಡುವ ಸಂಜೆ ಆರೂವರೆ ಅವಳಿಗೆ ಹಸಿವು, ಸುಸ್ತು ಎರಡೂ ಸೇರುವ ಹೊತ್ತು. ಏನಾದರೂ ತಿನ್ನಿಸಿ ಹೊರಡಿ. ತರಕಾರಿ ಗಾಡಿಯ ಹತ್ತಿರ ಟೊಮೆಟೊ ಆರಿಸುವ ಕೆಲಸ ಅವಳಿಗೇ ಕೊಡಿ. ಉಗುರು ಊರದಂತೆ, ಅಂಗೈಯಲ್ಲಿ ಎತ್ತಿ ಬುಟ್ಟಿಗಿಡುವುದನ್ನು ತೋರಿಸಿ. ಹಿಚುಕಿದ ಹಣ್ಣಿನ ನಷ್ಟ ಗಾಡಿಯವರ ಹೊಟ್ಟೆಯ ಮೇಲೆ ಬೀಳುತ್ತದೆ. ಸೂಪರ್‌ಮಾರ್ಕೆಟ್ಟಿನ ಬಿಲ್ಲಿನ ಸಾಲಿನಲ್ಲಿ ಅಳು ಶುರುವಾದರೆ ಬುಟ್ಟಿಯನ್ನು ಸಿಬ್ಬಂದಿಗೆ ಒಪ್ಪಿಸಿ, ಹೊರಗೆ ಕರೆತಂದು ಸಮಾಧಾನ ಮಾಡಿ. ಚಾಕೊಲೇಟ್ ಕೊಡಿಸಿ ಬಾಯಿ ಮುಚ್ಚಿಸಿದರೆ ಮುಂದಿನ ಸಲವೂ ಅದೇ ಬೇಕಾಗುತ್ತದೆ.

ಅವಳನ್ನು ಟ್ರಾಲಿಯಲ್ಲಿ ನಿಲ್ಲಿಸಬೇಡಿ, ಬಿದ್ದರೆ ತಲೆಗೇ ಪೆಟ್ಟು. ಎಸ್ಕಲೇಟರ್‌ನಲ್ಲಿ ಕೈ ಹಿಡಿದು ನಡುವೆ ನಿಲ್ಲಿಸಿಕೊಳ್ಳಿ. ಮೆತ್ತನೆಯ ರಬ್ಬರ್ ಚಪ್ಪಲಿ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಕೆ.ಆರ್. ಮಾರುಕಟ್ಟೆಯಂಥ ಜನಜಂಗುಳಿಗೆ ಹೋಗುವಾಗ ನಿಮ್ಮ ಫೋನ್ ನಂಬರನ್ನು ಅವಳ ಮುಂಗೈ ಮೇಲೆ ಪೆನ್ನಿನಲ್ಲಿ ಬರೆಯಿರಿ. ಕಣ್ತಪ್ಪಿದರೆ ತಡಮಾಡದೆ 112ಕ್ಕೆ ಕರೆ ಮಾಡಿ; ಮಕ್ಕಳ ಸಹಾಯವಾಣಿ 1098 ಕೂಡ ಇದೆ.