ಉಗ್ರಾಣ ಖಾಲಿ, ಒಲೆಗೂಡು ಭರ್ತಿ

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, ಸಾಗರದವನು. ಮಗ ಮನೆಗೆ ಸಿನಾಲಜಿ ನ್ಯಾಸ್ ಡಬ್ಬಿಯೊಂದನ್ನು ತಂದಿಟ್ಟು, ಫೋಟೋ, ವಿಡಿಯೋ, ಕಾಗದಪತ್ರದ ಸ್ಕ್ಯಾನ್ ಎಲ್ಲ ಅದರಲ್ಲಿ ಹಾಕಿಕೊಟ್ಟು ಹೊರದೇಶಕ್ಕೆ ಹೋದ. 4 ಟಿಬಿಯ ಎರಡು ಡಿಸ್ಕ್ ಇವೆ, ಅರ್ಧವೂ ತುಂಬಿಲ್ಲ. ಕಾಗದಪತ್ರ ಮಾತ್ರ ವಾರಕ್ಕೊಮ್ಮೆ ಯುಎಸ್‌ಬಿ ಡಿಸ್ಕಿಗೆ ತಾನಾಗಿ ನಕಲಾಗುತ್ತದೆ, ಏನೋ ನಾಲ್ಕು ಸಾಲಿನ ಸ್ಕ್ರಿಪ್ಟಂತೆ. ಈಗ ಅಪ್‌ಡೇಟ್ ಮಾಡಹೋದರೆ ಸಿಸ್ಟಂ ಪಾರ್ಟಿಷನ್‌ನಲ್ಲಿ ಜಾಗವಿಲ್ಲ ಎನ್ನುತ್ತದೆ. ಮೊಮ್ಮಗಳ ನಾಮಕರಣದ ದೊಡ್ಡ ವಿಡಿಯೋಗಳನ್ನು ಅಳಿಸಿದೆ. ಆದರೂ ಅದೇ ಹಾಡು. ಅಂಗಡಿಯವರು 8 ಟಿಬಿ ಡಿಸ್ಕ್ ಹಾಕಿಸಿ ಅಂತಾರೆ. ವಿಡಿಯೋ ಹೋಯಿತೆಂದು ಮನೆಯಾಕೆ ಮಾತು ಬಿಟ್ಟಿದ್ದಾಳೆ. ದೀಪಾವಳಿಗೆ ಬಂದ ಭಾವಮೈದ ಆ ಯುಎಸ್‌ಬಿ ಡಿಸ್ಕನ್ನೂ ಒಯ್ದು ತಿಂಗಳಾದ ಮೇಲೆ ತಂದುಕೊಟ್ಟ. ಒಟ್ಟಿನಲ್ಲಿ ಗ್ರಹಚಾರ ಸರಿಯಿಲ್ಲ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಮೊದಲು ಮನೆಯವರ ವಿಷಯ. ನಾಮಕರಣದ ವಿಡಿಯೋ ಬಹುಶಃ ಇನ್ನೂ ಡಬ್ಬಿಯೊಳಗೇ ಇದೆ. ವಿಡಿಯೋಗಳಿದ್ದ ಶೇರ್ಡ್ ಫೋಲ್ಡರಿನ ಮೇಲ್ಮಟ್ಟದಲ್ಲೇ, ಹೆಸರಿನ ಮುಂದೆ ಹ್ಯಾಷ್ ಗುರುತಿರುವ 'ರಿಸೈಕಲ್' ಫೋಲ್ಡರ್ ಹುಡುಕಿ. ಮಗ ಆ ಸೌಲಭ್ಯ ನಿಲ್ಲಿಸಿರದಿದ್ದರೆ ಅಳಿಸಿದ್ದೆಲ್ಲ ಮೊದಲು ಬೀಳುವುದು ಅಲ್ಲಿಗೆ. ಅಡ್ಮಿನ್ ಖಾತೆಯಿಂದ ಹೊಕ್ಕು ವಿಡಿಯೋಗಳನ್ನು ಹಳೆಯ ಜಾಗಕ್ಕೆ ಎಳೆದು ತನ್ನಿ. ಜಾಗ ಬೇಕೆಂಬ ಆತುರದಲ್ಲಿ ಆ ಬುಟ್ಟಿಯನ್ನು ಖಾಲಿ ಮಾಡಿಬಿಟ್ಟೀರಿ, ಜೋಕೆ.

ಅದನ್ನು ಖಾಲಿ ಮಾಡಿದರೂ ಅಪ್‌ಡೇಟ್ ಆಗುವುದಿಲ್ಲ. ಉಗ್ರಾಣದ ಭತ್ತವನ್ನೆಲ್ಲ ಹೊರಗೆ ಹಾಕಿದರೂ ಒಲೆಗೂಡಿನ ಬೂದಿ ಕಡಿಮೆಯಾಗುತ್ತದೆಯೇ? ನಿಮ್ಮ ಫೋಟೋ, ವಿಡಿಯೋ ಇರುವುದು 'ವಾಲ್ಯೂಮ್ 1' ಎಂಬ ಉಗ್ರಾಣದಲ್ಲಿ. ಡಬ್ಬಿಯನ್ನು ನಡೆಸುವ ತಂತ್ರಾಂಶ ಇರುವುದು ಬೇರೆಯದೇ ಸಣ್ಣ ಗೂಡಿನಲ್ಲಿ. ಹಳೆಯ ಸ್ಥಾಪನೆಗಳಲ್ಲಿ ಅದು ಸುಮಾರು 2.4 ಜಿಬಿ ಅಷ್ಟೇ. ಒಂದು ಡಿಸ್ಕ್ ಕೆಟ್ಟರೂ ಡಬ್ಬಿ ಏಳಲಿ ಎಂದು ಅದೇ ಗೂಡಿನ ಪ್ರತಿ ಎರಡೂ ಡಿಸ್ಕಿನಲ್ಲಿರುತ್ತದೆ. ಆದ್ದರಿಂದ 8 ಟಿಬಿ ಡಿಸ್ಕ್ ತಂದು ಬದಲಾಯಿಸಿದರೆ ಉಗ್ರಾಣ ದೊಡ್ಡದಾದೀತು, ಗೂಡು ಇದ್ದಷ್ಟೇ ಇರುತ್ತದೆ. ಅಂಗಡಿಯವರಿಗೆ ವ್ಯಾಪಾರವಾಗುತ್ತದೆ, ಅಷ್ಟೆ.

ಗೂಡು ತುಂಬಿದ್ದು ಹೇಗೆ? ನನ್ನ ಅನುಮಾನವೆಲ್ಲ ನೀವು ಗ್ರಹಚಾರದ ಲೆಕ್ಕಕ್ಕೆ ಬರೆದ ಭಾವಮೈದನ ಮೇಲೆ. ಪಾಪ, ಅವರ ತಪ್ಪಲ್ಲ. ಯುಎಸ್‌ಬಿ ಡಿಸ್ಕ್ ಸಿಕ್ಕಿಸಿದಾಗ ಸಿಸ್ಟಂ ಗೂಡಿನೊಳಗಿನ ಒಂದು ಬರಿದಾದ ಫೋಲ್ಡರ್ ಅದಕ್ಕೆ ಬಾಗಿಲಾಗುತ್ತದೆ. ಡಿಸ್ಕ್ ಇದ್ದಾಗ ಆ ಬಾಗಿಲಲ್ಲಿ ಹಾಕಿದ್ದು ಡಿಸ್ಕಿಗೆ ಹೋಗುತ್ತದೆ. ಡಿಸ್ಕ್ ಊರಿಗೆ ಹೋದರೂ ಸ್ಕ್ರಿಪ್ಟಿಗೆ ಅದು ಗೊತ್ತಿಲ್ಲ. ಫೋಲ್ಡರ್ ಇಲ್ಲದಿದ್ದರೆ ಮಾಡಿಕೋ ಎಂದು ಮಗ ಬರೆದಿಟ್ಟಿದ್ದರೆ, ಅದೇ ಹೆಸರಿನ ಫೋಲ್ಡರನ್ನು ತಾನೇ ಮಾಡಿಕೊಂಡು ಸ್ಕ್ಯಾನುಗಳನ್ನೆಲ್ಲ ಗೂಡಿನೊಳಗೇ ಸುರಿದಿರುತ್ತದೆ. ಕಾಗದಪತ್ರ ಮಾತ್ರವಾದ್ದರಿಂದ ಬಚಾವಾದಿರಿ. ವಿಡಿಯೋಗಳನ್ನೂ ನಕಲು ಮಾಡುವಂತಿದ್ದಿದ್ದರೆ ಗೂಡು ಕಂಠಮಟ್ಟ ತುಂಬಿ, ಲಾಗಿನ್ ಆಗುವುದೂ ಕಷ್ಟವಾಗುತ್ತಿತ್ತು. ನಾನೂ ಒಮ್ಮೆ ಹೀಗೇ ಮಾಡಿಕೊಂಡು ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ.

ಕಳ್ಳ ಕಣ್ಣಿಗೆ ಬೀಳದಿರಲು ಒಂದು ಕಾರಣವಿದೆ. ಡಿಸ್ಕನ್ನು ಮತ್ತೆ ಸಿಕ್ಕಿಸಿದಾಗ ಅದು ಅದೇ ಬಾಗಿಲಿಗೆ ಬಂದು ಕೂತರೆ, ಕೆಳಗಿರುವ ರಾಶಿ ಚಾಪೆಯಡಿಯ ಕಸದಂತೆ ಮರೆಯಾಗುತ್ತದೆ. ಹಾಗಾಗಿ ಹುಡುಕುವ ಮೊದಲು ಡಿಸ್ಕನ್ನು ಇಜೆಕ್ಟ್ ಮಾಡಿ ಕಳಚಿಡಿ.

ಇನ್ನು ಮುಂದಿನದಕ್ಕೆ ಮಗನನ್ನು ವಿಡಿಯೋ ಕಾಲ್‌ನಲ್ಲಿ ಕೂರಿಸಿಕೊಳ್ಳಿ. ಕಂಟ್ರೋಲ್ ಪ್ಯಾನೆಲ್‌ನ ಟರ್ಮಿನಲ್ ವಿಭಾಗದಲ್ಲಿ ಎಸ್‌ಎಸ್‌ಎಚ್ ಚಾಲೂ ಮಾಡಿ, ಕಂಪ್ಯೂಟರಿನಿಂದ ಡಬ್ಬಿಗೆ ಹೊಕ್ಕು, ರೂಟ್ ಅಧಿಕಾರ ಪಡೆಯಬೇಕು. 'ಡಿಎಫ್' ಆಜ್ಞೆ ಕೊಟ್ಟರೆ ಗೂಡು ಶೇಕಡಾ ಎಷ್ಟು ತುಂಬಿದೆ ಎಂದು ತೋರಿಸುತ್ತದೆ. ಯಾವ ಫೋಲ್ಡರ್ ಎಷ್ಟು ನುಂಗಿದೆ ಎನ್ನುವುದಕ್ಕೆ 'ಡಿಯು' ಬೇಕು. ಅದಕ್ಕೆ 'ಎಕ್ಸ್' ಆಯ್ಕೆಯನ್ನು ಸೇರಿಸಲು ಮಗನಿಗೆ ನೆನಪಿಸಿ. ಇಲ್ಲದಿದ್ದರೆ ಅದು ಉಗ್ರಾಣವನ್ನೂ ಅಳೆಯುತ್ತ ಕೂರುತ್ತದೆ. 'ವಾಲ್ಯೂಮ್ ಯುಎಸ್‌ಬಿ' ಎಂದು ಶುರುವಾಗುವ ಫೋಲ್ಡರಿನ ಮುಂದೆ ನೂರಾರು ಎಂಬಿ ಕಂಡರೆ ಕಳ್ಳ ಸಿಕ್ಕಂತೆ. ಅಲ್ಲಿ ಏನೂ ಇಲ್ಲದಿದ್ದರೆ ರೂಟ್ ಖಾತೆಯ ಫೋಲ್ಡರ್, ಲಾಗ್ ಫೋಲ್ಡರ್ ನೋಡಿ.

ಸಿಕ್ಕಿದ್ದನ್ನು ತಕ್ಷಣ ಅಳಿಸಬೇಡಿ. ರೂಟ್ ಅಧಿಕಾರದಲ್ಲಿ ಅಳಿಸಿದ್ದು ಯಾವ ಬುಟ್ಟಿಗೂ ಬೀಳುವುದಿಲ್ಲ, ಒಂದಕ್ಷರ ತಪ್ಪಿದರೆ ಡಬ್ಬಿಯ ತಂತ್ರಾಂಶವೇ ಹೋದೀತು. ಆ ಫೋಲ್ಡರನ್ನು ವಾಲ್ಯೂಮ್ 1ಕ್ಕೆ ಸಾಗಿಸಿಡಿ, ಸಾಕು. ಒಳಗಿನ ಪತ್ರಗಳನ್ನು ನಿಧಾನವಾಗಿ ತಾಳೆ ನೋಡಬಹುದು. ಡಬ್ಬಿಯನ್ನೊಮ್ಮೆ ರೀಸ್ಟಾರ್ಟ್ ಮಾಡಿ ಮತ್ತೆ 'ಡಿಎಫ್' ನೋಡಿ. ಆಮೇಲೆ ಅಪ್‌ಡೇಟ್. ಕೆಲಸ ಮುಗಿದೊಡನೆ ಎಸ್‌ಎಸ್‌ಎಚ್ ಆಫ್ ಮಾಡುವುದನ್ನು ಮರೆಯಬೇಡಿ.

ಮಗನ ಸ್ಕ್ರಿಪ್ಟಿಗೂ ಒಂದು ಸಾಲು ಸೇರಬೇಕು. ಯುಎಸ್‌ಬಿ ಡಿಸ್ಕಿನ ಒಳಗೆ ಗುರುತಿಗೆಂದು ಖಾಲಿ ಕಡತವೊಂದನ್ನು ಇಡಲಿ. ಆ ಕಡತ ಕಂಡರೆ ಮಾತ್ರ ನಕಲು, ಕಾಣದಿದ್ದರೆ ಸ್ಕ್ರಿಪ್ಟ್ ಸುಮ್ಮನೆ ನಿಲ್ಲಲಿ. ಮುಂದಿನ ದೀಪಾವಳಿಗೂ ಭಾವಮೈದ ಡಿಸ್ಕ್ ಕೇಳಿಯೇ ಕೇಳುತ್ತಾರೆ.