ಬೆಂಕಿಯಲ್ಲಿ ಕರಗದೆ ಉಳಿದದ್ದು: ಸಂಕಟವನ್ನು ಕುರಿತ ಒಂದು ಪಾಠ

ಓದತಕ್ಕ ಭಾಗಗಳು: ಕೀರ್ತನೆ 46; ಯೋಬ 2:11-13; ಯೋಹಾನ 9:1-3; ರೋಮಾಪುರದವರಿಗೆ 5:1-5; 1 ಪೇತ್ರ 1:6-7.



ನಮ್ಮಲ್ಲಿ ಒಬ್ಬನ ಉಳುವ ಎತ್ತು ಸತ್ತರೆ, ಮಳೆ ತಪ್ಪಿ ಪೈರು ಒಣಗಿದರೆ, ಇಲ್ಲವೆ ಮನೆಯ ಕೂಸು ಜ್ವರದಿಂದ ತೀರಿಹೋದರೆ, ಎರಡು ಮಾತುಗಳು ತಪ್ಪದೆ ನಮ್ಮ ಕಿವಿಗೆ ಬೀಳುತ್ತವೆ. ಹೊರಗಿನವರು, "ಹಿರಿಯರ ದಾರಿಯನ್ನು ಬಿಟ್ಟದ್ದರ ಫಲವಿದು" ಅನ್ನುತ್ತಾರೆ. ಸಭೆಯ ಒಳಗಿನವರೇ ಕೆಲವರು, "ಈ ಮನೆಯಲ್ಲಿ ಏನೋ ಗುಪ್ತವಾದ ಪಾಪವಿರಬೇಕು" ಎಂದು ಪಿಸುಗುಟ್ಟುತ್ತಾರೆ. ಇವೆರಡೂ ಒಂದೇ ಬೇರಿನಿಂದ ಹುಟ್ಟಿದ ಮಾತುಗಳು. ಕಷ್ಟ ಬಂದವನನ್ನು ದೇವರು ಕೈಬಿಟ್ಟಿದ್ದಾನೆ ಎಂಬದೇ ಆ ಬೇರು. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪವು ಇವನದೋ, ಇವನ ತಂದೆತಾಯಿಗಳದೋ ಎಂದು ವಿಚಾರಿಸಿದಾಗ ನಮ್ಮ ಕರ್ತನು ಆ ಎರಡನ್ನೂ ಒಪ್ಪಲಿಲ್ಲ. ಹಾಗಾದರೆ ಸಂಕಟವು ಬಂದಾಗ ನಾವು ಏನೆಂದು ತಿಳಿಯಬೇಕು? ಅದರಲ್ಲಿ ನಮಗೆ ಬೆಳವಣಿಗೆಯುಂಟಾಗುವದು ಹೇಗೆ? ಈ ವಿಷಯವನ್ನು, ನಮ್ಮ ಕನ್ನಡ ಸತ್ಯವೇದದ ಚರಿತ್ರೆಗೆ ಸಂಬಂಧಪಟ್ಟ ಒಂದು ನಿಜ ಸಂಗತಿಯ ಮೂಲಕ ಈ ತಿಂಗಳು ವಿಚಾರಿಸೋಣ.

ವಿಲಿಯಂ ಕೇರಿ ಎಂಬವರು 1761ರಲ್ಲಿ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಬಡವರ ಮನೆಯಲ್ಲಿ ಹುಟ್ಟಿ, ಜೋಡು ಹೊಲಿಯುವ ಕಸಬನ್ನು ಕಲಿತವರು. 1793ರಲ್ಲಿ ಅವರು ಬಂಗಾಳಕ್ಕೆ ಬಂದರು. ಅಲ್ಲಿ ಅವರಿಗೆ ಮೊದಲು ದೊರೆತದ್ದು ಸುಗ್ಗಿಯಲ್ಲ, ಕಣ್ಣೀರು. 1794ರಲ್ಲಿ ಅವರ ಐದು ವರುಷದ ಮಗನಾದ ಪೇತ್ರನು ರೋಗದಿಂದ ಸತ್ತನು. ಆ ಹಸುಳೆಗೆ ಕುಣಿ ತೋಡುವದಕ್ಕೂ ಶವವನ್ನು ಹೊರುವದಕ್ಕೂ ಜನರು ಜಾತಿಭಯದಿಂದ ಹಿಂದೆಗೆದರು. ಇಂಥ ದಿವಸವನ್ನು ಕಂಡ ಮನೆಗಳು ನಮ್ಮ ಸಭೆಗಳಲ್ಲಿಯೂ ಇಲ್ಲದೆ ಇಲ್ಲ. ಬಳಿಕ ಅವರ ಹೆಂಡತಿಯಾದ ಡೊರೊಥಿಯಮ್ಮನವರ ಬುದ್ಧಿಯು ಕದಡಿಹೋಯಿತು. ಆಕೆ 1807ರಲ್ಲಿ ತೀರಿಹೋಗುವ ವರೆಗೂ ಗುಣವಾಗಲಿಲ್ಲ. ಬಂಗಾಳದಲ್ಲಿ ಮೊದಲನೆಯವನಾಗಿ ಕೃಷ್ಣಪಾಲನೆಂಬ ಬಡಗಿಯು 1800ನೆಯ ಇಸವಿಯ ದಶಂಬರದಲ್ಲಿ ಅವರಿಂದ ದೀಕ್ಷಾಸ್ನಾನ ಹೊಂದುವಷ್ಟರಲ್ಲಿ ಅವರು ಬಂದು ಏಳು ವರುಷ ಕಳೆದಿತ್ತು.

ಅಷ್ಟು ಹೊತ್ತಿಗೆ ಕೇರಿಯವರು ಮಾರ್ಷ್‌ಮನ್, ವಾರ್ಡ್ ಎಂಬ ಜೊತೆಗಾರರೊಂದಿಗೆ ಕಲ್ಕತ್ತೆಯ ಹತ್ತಿರ ಹೂಗ್ಲಿ ನದಿಯ ದಡದಲ್ಲಿರುವ ಸೆರಾಂಪುರದಲ್ಲಿ ನೆಲಸಿ ಅಚ್ಚುಕೂಟವನ್ನು ಸ್ಥಾಪಿಸಿದ್ದರು. ಅಲ್ಲಿಂದ 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆಯು ಹೊರಟಿತು. ತರುವಾಯ ಪಂಡಿತರ ಸಹಾಯದಿಂದ ಅನೇಕ ಭಾಷೆಗಳಲ್ಲಿ ದೇವರ ವಾಕ್ಯದ ಭಾಷಾಂತರವು ನಡೆಯುತ್ತಾ ಇತ್ತು. ಅವುಗಳಲ್ಲಿ ನಮ್ಮ ಕನ್ನಡವೂ ಒಂದು.

1812ನೆಯ ಇಸವಿಯ ಮಾರ್ಚಿ 11ನೆಯ ತಾರೀಖಿನ ಸಾಯಂಕಾಲ ಆ ಅಚ್ಚುಕೂಟದ ಕಾಗದದ ಉಗ್ರಾಣದಲ್ಲಿ ಬೆಂಕಿ ಬಿತ್ತು. ವಾರ್ಡರು ಬಾಗಿಲು ಕಿಟಕಿಗಳನ್ನೆಲ್ಲಾ ಮುಚ್ಚಿಸಿ, ಮಾಳಿಗೆಯ ಮೇಲಿನಿಂದ ನೀರು ಹೊಯ್ಯಿಸಿ, ಕೆಲವು ತಾಸುಗಳ ವರೆಗೆ ಉರಿಯನ್ನು ತಡೆದರು. ಅಷ್ಟರಲ್ಲಿ ಯಾರೋ ಸಹಾಯ ಮಾಡುವೆವೆಂದು ಕಿಟಕಿಯನ್ನು ತೆರೆಯಲು, ಗಾಳಿ ನುಗ್ಗಿ ಕಟ್ಟಡವೆಲ್ಲಾ ಹೊತ್ತಿಕೊಂಡಿತು. ಬೆಂಕಿಯ ಕಾರಣವು ಕಡೆಗೂ ತಿಳಿಯಲಿಲ್ಲ. ಜೀವಹಾನಿಯಾಗಲಿಲ್ಲ, ಅಚ್ಚೊತ್ತುವ ಯಂತ್ರಗಳೂ ಉಳಿದವು. ಆದರೆ ಕಾಗದದ ರಾಶಿಯೂ ಹಲವು ಭಾಷೆಗಳ ಅಚ್ಚುಮೊಳೆಗಳೂ, ಎಲ್ಲಕ್ಕಿಂತ ಹೆಚ್ಚಾಗಿ ಅನೇಕ ವರುಷಗಳ ಕೈಬರಹಗಳೂ ಹೋದವು. ಕನ್ನಡ ಹೊಸ ಒಡಂಬಡಿಕೆಯ ಕೈಬರಹವೆಲ್ಲಾ ಆ ರಾತ್ರಿ ಬೂದಿಯಾಯಿತು. ಸಂಸ್ಕೃತವನ್ನೂ ಅದಕ್ಕೆ ಸಂಬಂಧಪಟ್ಟ ಭಾಷೆಗಳನ್ನೂ ಒಂದುಗೂಡಿಸಿ ಕೇರಿಯವರು ಬರೆಯುತ್ತಿದ್ದ ದೊಡ್ಡ ನಿಘಂಟಿನಲ್ಲಿ ಒಂದು ಹಾಳೆಯೂ ಉಳಿಯಲಿಲ್ಲ.

ಕೇರಿಯವರು ಆಗ ಕಲ್ಕತ್ತೆಯಲ್ಲಿದ್ದರು. ಮರುದಿನ ಮಾರ್ಷ್‌ಮನ್ನರು ಹೋಗಿ ವರ್ತಮಾನವನ್ನು ತಿಳಿಸಿದಾಗ ಅವರು ಸ್ತಬ್ಧರಾದರು. ಆದರೆ ಇತ್ತ ವಾರ್ಡರು ಬೂದಿಯನ್ನು ಕೆದಕುತ್ತಿರುವಾಗ ಒಂದು ಸಂಗತಿಯನ್ನು ಕಂಡರು. ಅಚ್ಚುಮೊಳೆಗಳು ಸೀಸದವುಗಳಾದ ಕಾರಣ ಕರಗಿ ಗಟ್ಟಿಗಟ್ಟಿಯಾಗಿ ಬಿದ್ದಿದ್ದವು. ಆ ಮೊಳೆಗಳನ್ನು ಮಾಡುವದಕ್ಕೆ ಬೇಕಾದ ಉಕ್ಕಿನ ಮೂಲ ಅಚ್ಚುಗಳೂ ಎರಕದ ಪಡಿಯಚ್ಚುಗಳೂ ಕರಗದೆ ಉಳಿದಿದ್ದವು. ಕೂಡಲೆ ನಮ್ಮ ದೇಶದವರೇ ಆದ ಎರಕದ ಕೆಲಸದವರು ಅದೇ ಸೀಸವನ್ನು ಕೂಡಿಸಿ, ಕಾಯಿಸಿ, ಅದೇ ಅಚ್ಚುಗಳಿಂದ ಹೊಸ ಅಕ್ಷರಗಳನ್ನು ಹೊಯ್ಯತೊಡಗಿದರು. ಕೆಲವು ತಿಂಗಳೊಳಗೆ ಅನೇಕ ಭಾಷೆಗಳ ಕೆಲಸವು ತಿರಿಗಿ ನಡೆಯಿತು. ಕೇರಿಯವರ ಕನ್ನಡ ವ್ಯಾಕರಣವು 1817ರಲ್ಲಿ ಸೆರಾಂಪುರದಿಂದ ಪ್ರಕಟವಾಯಿತು. ಬೂದಿಯಾಗಿದ್ದ ಕನ್ನಡ ಹೊಸ ಒಡಂಬಡಿಕೆಯೂ ಮತ್ತೊಮ್ಮೆ ಬರೆಯಲ್ಪಟ್ಟು ತರುವಾಯ ಅಚ್ಚಾಯಿತು.

ಈ ಸಂಗತಿಯಿಂದ ನಾವು ಕಲಿಯತಕ್ಕದ್ದು ಮೂರು.

ಒಂದನೆಯದು: ಸಂಕಟದ ಕಾರಣವನ್ನು ಹುಡುಕುವದಕ್ಕಿಂತ ಮುಂಚೆ ದೇವರ ಮುಂದೆ ಸುಮ್ಮನಿರುವದನ್ನು ಕಲಿಯಬೇಕು. ಬೆಂಕಿ ಬಿದ್ದ ಮೇಲೆ ಬಂದ ಭಾನುವಾರದಲ್ಲಿ ಕೇರಿಯವರು ಪ್ರಸಂಗಕ್ಕೆ ಆರಿಸಿಕೊಂಡದ್ದು 46ನೆಯ ಕೀರ್ತನೆಯ 10ನೆಯ ವಚನವನ್ನು. ನಮ್ಮನ್ನೂ ನಮ್ಮದೆಲ್ಲವನ್ನೂ ತನ್ನ ಚಿತ್ತದಂತೆ ನಡಿಸುವ ಹಕ್ಕು ದೇವರಿಗೆ ಉಂಟು. ಆ ಚಿತ್ತಕ್ಕೆ ಒಳಪಡುವದು ನಮ್ಮ ಕರ್ತವ್ಯ ಎಂಬದೇ ಆ ಪ್ರಸಂಗದ ಸಾರ. ಬೆಂಕಿ ಬಿದ್ದದ್ದು ಇಂಥವನ ಪಾಪದಿಂದ ಎಂದು ಅವರು ಸಾರಲಿಲ್ಲ. ಕಿಟಕಿ ತೆರೆದವನು ಯಾರೆಂದು ಹುಡುಕಿ ದೂರುವದರಲ್ಲಿ ಮನಸ್ಸಿಡಲಿಲ್ಲ. ಸುಮ್ಮನಿರುವದೆಂದರೆ ಅಳಬಾರದೆಂದಲ್ಲ; ಲಾಜರನ ಸಮಾಧಿಯ ಬಳಿಯಲ್ಲಿ ನಮ್ಮ ಕರ್ತನೇ ಕಣ್ಣೀರು ಬಿಟ್ಟನು. ಕೈಕಟ್ಟಿ ಕೂತಿರಬೇಕೆಂದೂ ಅಲ್ಲ. ಆ ಭಾನುವಾರದ ಹಿಂದೆಯೂ ಮುಂದೆಯೂ ಸೆರಾಂಪುರದಲ್ಲಿ ಎರಕದ ಒಲೆಯು ಆರಲಿಲ್ಲ. ಆದದರಿಂದ ಮಗುವಿಗೆ ಜ್ವರ ಬಂದರೆ ಪ್ರಾರ್ಥಿಸೋಣ, ವೈದ್ಯರ ಬಳಿಗೂ ಹೊತ್ತುಕೊಂಡು ಹೋಗೋಣ.

ಎರಡನೆಯದು: ಸಂಕಟದಲ್ಲಿ ಬೆಳವಣಿಗೆ ಎಂದರೆ ಹೋದದ್ದೆಲ್ಲಾ ತಿರಿಗಿ ಬರುವದೆಂದಲ್ಲ. ಇದರಲ್ಲಿ ನಾವು ಮೋಸಹೋಗಬಾರದು. ಬೆಂಕಿಯ ಸುದ್ದಿ ಇಂಗ್ಲೆಂಡಿಗೆ ಮುಟ್ಟಿದಾಗ ಸಭೆಗಳವರು ಸುಮಾರು ಎರಡು ತಿಂಗಳೊಳಗೆ 10,000 ಪೌಂಡುಗಳಷ್ಟು ಹಣವನ್ನು ಕೂಡಿಸಿಕೊಟ್ಟದ್ದು ನಿಜ. ಆದರೆ ಆ ದೊಡ್ಡ ನಿಘಂಟು ತಿರಿಗಿ ಹುಟ್ಟಲೇ ಇಲ್ಲ. ಮಗನೂ ತಿರಿಗಿ ಬರಲಿಲ್ಲ. ಹಾಗಾದರೆ ಬೆಳೆದದ್ದು ಯಾವದು? ಒಮ್ಮೆ ನಡೆದ ದಾರಿಯನ್ನು ಎರಡನೆಯ ಸಾರಿ ನಡೆಯುವಾಗ ಹೆಜ್ಜೆಯು ಇನ್ನೂ ಸ್ಥಿರವಾಗುವದು, ಎರಡನೆಯ ಭಾಷಾಂತರವು ಮೊದಲನೆಯದಕ್ಕಿಂತ ಚೆನ್ನಾಗುವದು ಎಂದು ಕೇರಿಯವರು ನಂಬಿ ಮತ್ತೆ ಮೊದಲಿನಿಂದ ಕೂತರು. ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ತೋರಿಸಿದ ಮೆಟ್ಟಲುಗಳು ಇವೇ: ಉಪದ್ರವದಿಂದ ತಾಳ್ಮೆ, ತಾಳ್ಮೆಯಿಂದ ಶೋಧನೆಯಲ್ಲಿ ನಿಂತ ಗುಣ, ಆ ಗುಣದಿಂದ ನಿರೀಕ್ಷೆ. ಸೀಸವು ಕರಗಿತು, ಅಚ್ಚು ಉಳಿಯಿತು. ನಮ್ಮ ಬೆಳೆ, ದನಕರು, ಆರೋಗ್ಯ, ಒಲಿದವರು ಎಲ್ಲವೂ ದೇವರ ಒಳ್ಳೇ ದಾನಗಳೇ. ಆದರೂ ಇವು ಸೀಸದಂತೆ ಬೆಂಕಿಗೆ ಒಳಗಾದವುಗಳು. ಕ್ರಿಸ್ತನು ನಮ್ಮೊಳಗೆ ಒತ್ತಿದ ರೂಪವಾದರೋ ಬೆಂಕಿಗೆ ಕರಗುವದಲ್ಲ. ಅದು ಉಳಿದಿರುವಲ್ಲಿ ಕರಗಿದ ಬಾಳಿನಿಂದಲೇ ದೇವರು ಹೊಸ ಅಕ್ಷರಗಳನ್ನು ಹೊಯ್ಯಬಲ್ಲನು.

ಮೂರನೆಯದು: ನಮ್ಮ ಸಂಕಟದಲ್ಲಿ ನಾವು ಅರ್ಥವನ್ನು ಕಾಣಬಹುದು, ನೆರೆಯವನ ಸಂಕಟಕ್ಕೆ ನಾವು ಅರ್ಥ ಹೇಳಬಾರದು. ಡೊರೊಥಿಯಮ್ಮನವರು ಮನಸ್ಸಿಲ್ಲದ ಮನಸ್ಸಿನಿಂದ ಸ್ವದೇಶವನ್ನು ಬಿಟ್ಟು ಬಂದವರು. ಬಂದ ಊರಿನಲ್ಲಿ ಮಗನನ್ನು ಮಣ್ಣುಮಾಡಿದವರು. ಆಕೆಯ ಕತ್ತಲೆಯ ವರುಷಗಳಿಗೆ ಇದೇ ಅರ್ಥವೆಂದು ಹೇಳುವ ಧೈರ್ಯವು ನಮಗಿಲ್ಲ. ಗಂಡನ ಕೆಲಸವು ವೃದ್ಧಿಯಾಯಿತೆಂಬ ಮಾತು ಆಕೆಯ ನೋವಿಗೆ ಉತ್ತರವಲ್ಲ. ಆಕೆಯ ಲೆಕ್ಕವು ಕರುಣೆಯುಳ್ಳ ದೇವರ ಕೈಯಲ್ಲಿದೆ. ಯೋಬನ ಮೂವರು ಸ್ನೇಹಿತರು ಏಳು ದಿವಸ ಬಾಯಿ ತೆರೆಯದೆ ಅವನೊಂದಿಗೆ ನೆಲದ ಮೇಲೆ ಕೂತಿದ್ದಾಗ ಒಳ್ಳೇ ಸ್ನೇಹಿತರಾಗಿದ್ದರು. ಕಾರಣ ಹೇಳುವದಕ್ಕೆ ಬಾಯಿ ತೆರೆದ ಮೇಲೆ ಅವನ ಹುಣ್ಣಿಗೆ ಉಪ್ಪಾದರು. ಸಾವಿನ ಮನೆಗೆ ಹೋಗುವಾಗ ನಾವು ಉಪದೇಶವನ್ನು ಹೊತ್ತುಕೊಂಡು ಹೋಗುವದಕ್ಕಿಂತ ಒಂದು ತಂಬಿಗೆ ಗಂಜಿಯನ್ನು ಹೊತ್ತುಕೊಂಡು ಹೋಗುವದು ಲೇಸು. ಕುಣಿ ತೋಡುವದಕ್ಕೆ ಜನವಿಲ್ಲದ ಮನೆಗೆ ಹಾರೆ ಗುದ್ದಲಿಗಳೊಂದಿಗೆ ಮೊದಲು ಹೋಗತಕ್ಕವರು ಸಭೆಯವರೇ.

ಪ್ರಿಯರೇ, ನಮ್ಮ ದೇವರು ದೂರದಲ್ಲಿ ನಿಂತು ಬೆಂಕಿಯನ್ನು ನೋಡುವವನಲ್ಲ. ಆತನು ತನ್ನ ಕುಮಾರನಲ್ಲಿ ತಾನೇ ಸಂಕಟದೊಳಕ್ಕೆ ಇಳಿದು ಬಂದನು. ಶಿಲುಬೆಯ ಮೇಲೆ ಆತನ ಕುಮಾರನು ಅನುಭವಿಸಿದ್ದು ಆತನು ಮಾಡಿದ ಪಾಪದ ಫಲವಲ್ಲ. ಆತನ ಎದ್ದುಬಂದ ದೇಹದಲ್ಲಿ ಗಾಯದ ಗುರುತುಗಳು ಅಳಿದುಹೋಗದೆ ಹಾಗೆಯೇ ಇದ್ದವು. ತೋಮನು ಆತನನ್ನು ಗುರುತಿಸಿದ್ದು ಆ ಗಾಯಗಳಿಂದಲೇ. ನಮ್ಮ ಗಾಯಗಳೂ ಈ ಲೋಕದಲ್ಲಿ ಗುರುತಿಲ್ಲದೆ ಮಾಯುವವೆಂದು ನಾವು ಹೇಳುವದಿಲ್ಲ. ಅವುಗಳೊಂದಿಗೆ ನಾವು ಆತನವರಾಗಿಯೇ ಎದ್ದು ನಿಲ್ಲುವೆವೆಂಬದೇ ನಮ್ಮ ನಿರೀಕ್ಷೆ. ಈ ಸಾರಿ ನಿಮ್ಮ ಮನೆಯಲ್ಲಿ ಕನ್ನಡ ಹೊಸ ಒಡಂಬಡಿಕೆಯನ್ನು ಬಿಚ್ಚುವಾಗ, ಸೆರಾಂಪುರದ ಕನ್ನಡ ಭಾಷಾಂತರವು ಒಂದು ಸಾರಿ ಬೂದಿಯಾಗಿ ಎರಡನೆಯ ಸಾರಿ ಬರೆಯಲ್ಪಟ್ಟಿತೆಂದು ನೆನಸಿಕೊಳ್ಳಿರಿ.

ಮನೆಯಲ್ಲಿಯೂ ಸಭೆಯಲ್ಲಿಯೂ ವಿಚಾರಿಸತಕ್ಕ ಪ್ರಶ್ನೆಗಳು:

1. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಮಾಡಿದ ತಪ್ಪು ಯಾವದು? ನಾವು ಅದೇ ತಪ್ಪನ್ನು ಯಾವಾಗ ಮಾಡುತ್ತೇವೆ?

2. ಸೆರಾಂಪುರದ ಬೆಂಕಿಯಲ್ಲಿ ಕರಗಿದ್ದು ಯಾವದು? ಉಳಿದದ್ದು ಯಾವದು? ತಿರಿಗಿ ದೊರೆಯದೆ ಹೋದದ್ದು ಯಾವದು?

3. ಕಳೆದ ವರುಷದ ಕಷ್ಟದಲ್ಲಿ ನಿಮ್ಮೊಳಗೆ ಕರಗದೆ ಉಳಿದದ್ದು ಏನು?

4. ನಮ್ಮ ಊರಿನಲ್ಲಿ ಈ ವಾರ ಯಾರ ಮನೆಗೆ ನಾವು ಮಾತಿಲ್ಲದೆ ಹೋಗಿ ಕೂತಿರಬೇಕು?