ಆಟವಾಡದ ಮನೆಯಲ್ಲಿ ಪ್ಲೇಸ್ಟೇಷನ್

ಮಧುಗಿರಿಯ ನಮ್ಮ ಮನೆಯಲ್ಲಿ ಆಟ ಬಲ್ಲವರು ಅಂತ ಇದ್ದದ್ದು ಅಪ್ಪ ಒಬ್ಬರೇ. ಅದೂ ಪಗಡೆಯಾಟ. ಊರಿನ ‘ಕುರುಕ್ಷೇತ್ರ’ ನಾಟಕದಲ್ಲಿ ಅವರದು ಶಕುನಿ ಪಾತ್ರ. ಅಂಥ ಮನೆಗೆ ಬೆಂಗಳೂರಿನಲ್ಲಿರುವ ಅಣ್ಣನ ಮಗ ತನ್ನ ಹಳೇ ಪ್ಲೇಸ್ಟೇಷನ್ 3 ತಂದಿಟ್ಟು ಹೋದ. “ಮಾರಿದ್ರೆ ಏನೂ ಬರಲ್ಲ ಚಿಕ್ಕಪ್ಪ. ತಾತ ಅಜ್ಜಿ ಸಿನಿಮಾ ನೋಡ್ಕೊಳ್ಲಿ, ಇದ್ರಲ್ಲಿ ಎಲ್ಲಾ ಓಡುತ್ತೆ” ಅಂದ. ಎಲ್ಲಾ ಓಡಲಿಲ್ಲ. ಓಡಿಸಲು ಏನೇನು ಮಾಡಬೇಕಾಯಿತು ಎಂಬುದನ್ನು ಬರೆದಿಡುವುದು ವಾಸಿ ಅನ್ನಿಸಿದೆ. ಏಕೆಂದರೆ ಶಿರಾ, ಕೊರಟಗೆರೆ, ಪಾವಗಡದ ಕಡೆಯ ಎಷ್ಟೋ ಮನೆಗಳಲ್ಲಿ ಪಟ್ಟಣ ಸೇರಿದ ಮಕ್ಕಳು ಬಿಟ್ಟುಹೋದ ಇಂಥ ಪೆಟ್ಟಿಗೆಗಳು ಅಟ್ಟದ ಮೇಲೆ ದೂಳು ತಿನ್ನುತ್ತಿವೆ.

ಗೇಮ್ ಪೆಟ್ಟಿಗೆಯಲ್ಲಿ ಸಿನಿಮಾ ನೋಡುವುದು ಹೊಸ ವಿಚಾರವೇನಲ್ಲ. 2000ದ ಮಾರ್ಚ್‌ನಲ್ಲಿ ಜಪಾನಿನಲ್ಲಿ ಪ್ಲೇಸ್ಟೇಷನ್ 2 ಬಂದಾಗ ಅದನ್ನು ಮನೆಯ ಮೊದಲ ಡಿವಿಡಿ ಪ್ಲೇಯರ್ ಎಂದೇ ಕೊಂಡವರು ಬಹಳ ಮಂದಿ. 2006ರಲ್ಲಿ ಬಂದ ಪ್ಲೇಸ್ಟೇಷನ್ 3 ಬ್ಲೂ-ರೇ ಡಿಸ್ಕನ್ನು ಮನೆಗಳಿಗೆ ಹೊತ್ತು ತಂದಿತು. ಎದುರಾಳಿ ತೋಷಿಬಾ 2008ರ ಫೆಬ್ರವರಿಯಲ್ಲಿ ತನ್ನ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟದ್ದಕ್ಕೆ ಅದೂ ಒಂದು ಕಾರಣ. ಮೈಕ್ರೋಸಾಫ್ಟ್‌ನ ಮೊದಲ ಎಕ್ಸ್‌ಬಾಕ್ಸ್ ಕಥೆ ಇನ್ನೂ ಚೆಂದ. ಅದರಲ್ಲಿ ಡಿವಿಡಿ ನೋಡಬೇಕಾದರೆ ರಿಮೋಟಿನ ಕಿಟ್ ಅನ್ನು ಬೇರೆ ದುಡ್ಡು ಕೊಟ್ಟು ತರಬೇಕಿತ್ತು. ಹವ್ಯಾಸಿ ಹುಡುಗರು ಸುಮ್ಮನಿರದೆ ಸಿನಿಮಾ, ಹಾಡು ಎಲ್ಲವನ್ನೂ ಓಡಿಸುವ ತಂತ್ರಾಂಶವನ್ನು ತಾವೇ ಬರೆದು ಅದಕ್ಕೆ ತುಂಬಿದರು. ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್ ಎಂದಿದ್ದ ಅದರ ಹೆಸರು 2014ರಲ್ಲಿ ಕೋಡಿ ಎಂದಾಯಿತು. ಇವತ್ತು ಅದು ಸಣ್ಣ ಟಿವಿ ಸ್ಟಿಕ್ಕುಗಳಲ್ಲೂ ಓಡುತ್ತದೆ. ಆಟ ಬೇಡ, ಸಿನಿಮಾ ಸಾಕು ಎನ್ನುವ ಜನ ಎಲ್ಲ ಕಡೆ ಇದ್ದರು ಎನ್ನಲು ಇಷ್ಟು ಸಾಕು.

ನಮ್ಮ ಮನೆಯಲ್ಲಿ ಮೊದಲ ತೊಡಕು ಡಿಸ್ಕಿನದು. ಬೀರುವಿನಲ್ಲಿದ್ದ ಡಿಸ್ಕುಗಳಲ್ಲಿ ಮುಕ್ಕಾಲು ಪಾಲು ವಿಸಿಡಿ. ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಬಿಟ್ಟ ಕಾಲದಲ್ಲಿ ತಂದ ರಾಜ್‌ಕುಮಾರ್ ಚಿತ್ರಗಳು ಒಂದು ಕಟ್ಟು. ಸ್ಟುಡಿಯೋದವರು ಮಾಡಿಕೊಟ್ಟ ಮದುವೆ, ಗೃಹಪ್ರವೇಶ, ನಾಟಕಗಳು ಇನ್ನೊಂದು ಕಟ್ಟು. ಪೆಟ್ಟಿಗೆ ಡಿವಿಡಿಗಳನ್ನು ಚೆನ್ನಾಗಿ ತೋರಿಸಿತು. ಅಪ್ಪನ ಹಳೇ ಆಡಿಯೋ ಸಿಡಿಗಳನ್ನೂ ಹಾಡಿಸಿತು. ವಿಸಿಡಿಯನ್ನು ಮಾತ್ರ ಮೂಸಿಯೂ ನೋಡಲಿಲ್ಲ. ಪ್ಲೇಸ್ಟೇಷನ್ 2 ಕೂಡ ಹಾಗೇ ಇತ್ತು. ಏಷ್ಯಾದ ಮಾರುಕಟ್ಟೆಗೆಂದೇ ಮಾಡಿದ, ಮೊದಲ ಪ್ಲೇಸ್ಟೇಷನ್ನಿನ ಒಂದು ಬಿಳಿ ಮಾದರಿಗೆ ವಿಸಿಡಿ ಓದಲು ಬರುತ್ತಿತ್ತು. ಅದು ನಮ್ಮ ಸೀಮೆಯಲ್ಲಿ ಎಲ್ಲಿ ಸಿಗಬೇಕು?

ಸಿನಿಮಾ ಹೋದರೆ ಹೋಗಲಿ, ಟಿವಿಯಲ್ಲಿ ಇನ್ನೊಮ್ಮೆ ಬರುತ್ತದೆ. ನಾಟಕ ಬರುವುದಿಲ್ಲ. ತುಮಕೂರು ಜಿಲ್ಲೆಯಲ್ಲಿ ‘ಕುರುಕ್ಷೇತ್ರ’ದ ಹುಚ್ಚು ಎಂಥದೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ತಿಂಗಳುಗಟ್ಟಲೆ ಡ್ರಾಮಾ ಮೇಷ್ಟ್ರ ಹಾರ್ಮೋನಿಯಂ ಮುಂದೆ ಕೂತು ಕಂದಪದ್ಯ ಕಲಿಯುತ್ತಾರೆ. ಪಾತ್ರಕ್ಕೆ ಇಷ್ಟು ಎಂದು ಕೈಯಿಂದ ದುಡ್ಡು ಹಾಕುತ್ತಾರೆ. ದುರ್ಯೋಧನನಿಗೆ ಎಲ್ಲರಿಗಿಂತ ಹೆಚ್ಚು. ಸೀನರಿ ಬಾಡಿಗೆಗೆ ಬರುತ್ತದೆ, ರಾತ್ರಿ ಹತ್ತಕ್ಕೆ ಶುರುವಾದದ್ದು ಬೆಳಗಿನ ಜಾವಕ್ಕೆ ಮುಗಿಯುತ್ತದೆ. ಒಂದು ವಿಸಿಡಿಯಲ್ಲಿ ಹಿಡಿಯುವುದು ಒಂದೂಕಾಲು ಗಂಟೆ ಚಿಲ್ಲರೆ. ಹಾಗಾಗಿ ಒಂದು ನಾಟಕ ಎಂದರೆ ಆರೇಳು ಡಿಸ್ಕು. ಅಪ್ಪನಿಗೆ ಬೇಕಾಗಿದ್ದು ಅವು. ಅವರ ಜೊತೆ ಬಣ್ಣ ಹಚ್ಚಿದವರಲ್ಲಿ ಅರ್ಧ ಜನ ಈಗಿಲ್ಲ.

ದಾರಿ ಇತ್ತು. ಶಾಲೆಯ ಕೆಲಸಕ್ಕೆಂದು ಇಟ್ಟುಕೊಂಡಿದ್ದ ಹಳೇ ಕಂಪ್ಯೂಟರಿಗೆ ಡಿಸ್ಕ್ ಹಾಕಿದರೆ ಒಳಗೆ ಎಂಪಿಇಜಿಎವಿ ಎಂಬ ಫೋಲ್ಡರ್ ಕಾಣುತ್ತದೆ. ಅದರಲ್ಲಿರುವ ‘ಡಿಎಟಿ’ ಫೈಲನ್ನು ಎತ್ತಿಕೊಂಡು, ಪುಕ್ಕಟೆ ಸಿಗುವ ವಿಎಲ್‌ಸಿ ತಂತ್ರಾಂಶದಲ್ಲಿ ಎಂಪಿ4 ಮಾಡಿಕೊಂಡರೆ ಪೆಟ್ಟಿಗೆ ಒಪ್ಪುತ್ತದೆ. ಎಂಕೆವಿ ಫೈಲುಗಳನ್ನು ಪ್ಲೇಸ್ಟೇಷನ್ 3 ಮುಟ್ಟುವುದಿಲ್ಲ. ಈಚೆಗೆ ಎಲ್ಲೆಡೆ ಬಳಕೆಯಾಗುವ ಎಚ್‌ಇವಿಸಿ ಬಗೆಯ ವಿಡಿಯೋವನ್ನಂತೂ ಅದು ಕಂಡೇ ಇಲ್ಲ. ಪೆಟ್ಟಿಗೆ ಹುಟ್ಟಿದ ಮೇಲೆ ಬಂದ ವಿದ್ಯೆ ಅದು. ಪೆನ್‌ಡ್ರೈವ್ ಫ್ಯಾಟ್32 ಬಗೆಯದೇ ಆಗಬೇಕು, ಎನ್‌ಟಿಎಫ್‌ಎಸ್ ಆದರೆ ಓದುವುದಿಲ್ಲ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಇಡೀ ನಾಟಕವನ್ನು ಒಂದೇ ಫೈಲ್ ಮಾಡುವ ಯೋಚನೆ ಬಿಟ್ಟು ದೃಶ್ಯಕ್ಕೊಂದರಂತೆ ಕತ್ತರಿಸಿದೆ. ಅದರಿಂದ ಒಳ್ಳೆಯದೇ ಆಯಿತು. ಅಪ್ಪ ಈಗ ದ್ಯೂತದ ಸೀನನ್ನು ಬೇಕೆಂದಾಗ ಹಾಕಿಕೊಂಡು ತಮಗೆ ತಾವೇ ‘ಒನ್ಸ್ ಮೋರ್’ ಕೊಟ್ಟುಕೊಳ್ಳುತ್ತಾರೆ.

ಫೈಲಿನ ಕೆಲಸ ನನ್ನದು, ಹೇಗೋ ಮುಗಿಯಿತು. ಗುಂಡಿಯ ಕೆಲಸ ಅಮ್ಮನದು. ಆಟದ ಕಂಟ್ರೋಲರ್ ಮೇಲೆ ನಾಲ್ಕು ಗುರುತುಗಳಿವೆ: ತ್ರಿಕೋನ, ಚೌಕ, ಸೊನ್ನೆ, ಇಂಟು. ಹೂಂ ಎನ್ನಲು ಇಂಟು ಒತ್ತಬೇಕು, ಹಿಂದಕ್ಕೆ ಹೋಗಲು ಸೊನ್ನೆ. ಅಮ್ಮನ ಕೈ ಇಂಟು ಗುರುತಿನ ಮೇಲೆ ಹೋಗಲೇ ಒಲ್ಲದು. “ನೀನೇ ತಪ್ಪು ಉತ್ತರಕ್ಕೆ ಕೆಂಪಿಂಕಲ್ಲಿ ಹಿಂಗೆ ಗೀಚ್ತೀಯ, ಈಗ ಅದನ್ನೇ ಒತ್ತು ಅಂತೀಯಲ್ಲಪ್ಪ” ಎಂದರು. ಶಾಲೆ ಮೇಷ್ಟ್ರಾದ ನನ್ನ ಬಾಯಿ ಕಟ್ಟಿತು. ಅಮ್ಮನ ಮಾತಿನಲ್ಲಿ ಎಷ್ಟು ನ್ಯಾಯವಿದೆ ಎಂದರೆ, ಪ್ಲೇಸ್ಟೇಷನ್ ಹುಟ್ಟಿದ ಜಪಾನಿನಲ್ಲಿಯೇ ಸೊನ್ನೆ ಎಂದರೆ ಸರಿ, ಇಂಟು ಎಂದರೆ ತಪ್ಪು. ಅಲ್ಲಿ ಮಾರುತ್ತಿದ್ದ ಪೆಟ್ಟಿಗೆಗಳಲ್ಲಿ ಸೊನ್ನೆಯೇ ಹೂಂ ಆಗಿತ್ತು. 2020ರಲ್ಲಿ ಪ್ಲೇಸ್ಟೇಷನ್ 5 ಬಂದಾಗ ಮಾತ್ರ ಜಪಾನಿನವರಿಗೂ ಇಂಟುವನ್ನೇ ಹೂಂ ಎಂದು ಒಪ್ಪಿಸಲಾಯಿತು.

ಕಂಟ್ರೋಲರಿನ ಗೋಳು ಅಷ್ಟಕ್ಕೇ ನಿಲ್ಲಲಿಲ್ಲ. ಸಿನಿಮಾ ನೋಡುವವರು ಗುಂಡಿ ಒತ್ತುವುದಿಲ್ಲ. ಒತ್ತದಿದ್ದರೆ ಅದು ನಿದ್ದೆ ಹೋಗುತ್ತದೆ. ಬಾಗಿಲಿಗೆ ಯಾರೋ ಬಂದರೆಂದು ನಿಲ್ಲಿಸಲು ಹೊರಟರೆ ನಡುವಿನ ಗುಂಡಿ ಒತ್ತಿ ಎಬ್ಬಿಸಬೇಕು. ಸೋಫಾ ಮೇಲೆ ಬಿದ್ದಿದ್ದಾಗ ಯಾರಾದರೂ ಅದರ ಮೇಲೆ ಕೂತರೆ ಸಿನಿಮಾ ಸರ್ರನೆ ಮುಂದಕ್ಕೋಡುತ್ತದೆ. ಡಿಶ್‌ನ ರಿಮೋಟಿನಿಂದ ನಡೆಸೋಣವೆಂದರೆ ಪೆಟ್ಟಿಗೆ ಮಾತಾಡುವುದು ಬ್ಲೂಟೂತ್‌ನಲ್ಲಿ. ಇನ್‌ಫ್ರಾರೆಡ್ ರಿಮೋಟು ಅದಕ್ಕೆ ತಾಗುವುದೇ ಇಲ್ಲ.

ಇದಕ್ಕೆಲ್ಲ ಮದ್ದು ಸೆಟ್ಟಿಂಗ್ಸ್‌ನ ಮೂಲೆಯಲ್ಲಿತ್ತು. 2009ರಲ್ಲಿ ಬಂದ ತೆಳು ಮಾದರಿಯಿಂದೀಚೆಗೆ ‘ಕಂಟ್ರೋಲ್ ಫಾರ್ ಎಚ್‌ಡಿಎಂಐ’ ಎಂಬ ಆಯ್ಕೆ ಇದೆ. ಅದನ್ನು ಆನ್ ಮಾಡಿ, ಟಿವಿಯಲ್ಲೂ ಅದಕ್ಕೆ ಸರಿಹೊಂದುವ ಆಯ್ಕೆ ಆನ್ ಮಾಡಿದರೆ ಟಿವಿಯ ರಿಮೋಟೇ ಪೆಟ್ಟಿಗೆಯನ್ನೂ ನಡೆಸುತ್ತದೆ. ಟಿವಿ ಕಂಪನಿಗಳು ಈ ಒಂದೇ ಸೌಕರ್ಯಕ್ಕೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ದಾರೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರೇವಿಯಾ ಸಿಂಕ್. ಬಾಣದ ಗುಂಡಿ, ಓಕೆ, ಬ್ಯಾಕ್, ನಮ್ಮ ಮನೆಗೆ ಅಷ್ಟು ಸಾಕಾಯಿತು. ಕಂಟ್ರೋಲರ್ ಈಗ ಬೀರುವಿನಲ್ಲಿದೆ. ಮೊಮ್ಮಗ ಬಂದಾಗ ಹೊರಗೆ ಬರುತ್ತದೆ. ಗೇಮ್ ಆಡದವರ ಮನೆಗೆ ಪೆಟ್ಟಿಗೆ ಕೊಡುವವರು ಬೇರೇನನ್ನು ಮರೆತರೂ ಇದನ್ನು ಮಾಡಿಕೊಟ್ಟು ಹೋಗಬೇಕು.

ಇನ್ನು ಅಕ್ಷರ. ಪೆಟ್ಟಿಗೆಯ ಮೆನುವಿನಲ್ಲಿ ಭಾರತದ ಯಾವ ಭಾಷೆಯೂ ಇಲ್ಲ. ಅಮ್ಮನಿಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ. ಆದರೆ ಫೋನ್ ಒತ್ತಿ ಒತ್ತಿ 1, 2, 3 ಚೆನ್ನಾಗಿ ಗೊತ್ತು. ಆದ್ದರಿಂದ ಫೈಲುಗಳಿಗೆ ಹೆಸರಿಡುವುದನ್ನೇ ಬಿಟ್ಟು ನಂಬರ್ ಕೊಟ್ಟೆ. ಯಾವ ನಂಬರಿಗೆ ಯಾವ ಚಿತ್ರ ಎಂದು ಕನ್ನಡದಲ್ಲಿ ದಪ್ಪಗೆ ಬರೆದು ಗೋಡೆಯ ಕ್ಯಾಲೆಂಡರ್ ಪಕ್ಕ ತಗುಲಿಹಾಕಿದೆ. 07 ‘ಬಂಗಾರದ ಮನುಷ್ಯ’, 12 ‘ಕಸ್ತೂರಿ ನಿವಾಸ’, 31ರಿಂದ ನಾಟಕ. ನೆರೆಮನೆಯ ಹೆಂಗಸರಿಗೂ ಪಟ್ಟಿ ಬಾಯಿಪಾಠವಾಗಿದೆ. “ಇವತ್ತು ಹನ್ನೆರಡು ಹಾಕು ಅಕ್ಕ” ಎನ್ನುತ್ತಾ ಬಂದು ಕೂರುತ್ತಾರೆ. ಸಾವಿರಾರು ಚಿತ್ರಗಳ ಪಟ್ಟಿಯನ್ನು ತಾಸುಗಟ್ಟಲೆ ಸರಿಸುತ್ತಾ ಕೂರುವ ನಮಗಿಂತ ಅವರೇ ಸುಖಿಗಳು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಸದ್ದಿನ ವಿಷಯ ಚಿಕ್ಕದು, ಆದರೆ ಕಿವಿ ಮಂದವಾದವರಿರುವ ಮನೆಗೆ ದೊಡ್ಡದು. “ಮಾತು ಕೇಳಲ್ಲ, ಫೈಟಿಂಗ್ ಬಂದ್ರೆ ಮನೆ ಅದುರುತ್ತೆ” ಎಂಬುದು ಅಪ್ಪನ ದೂರು. ಡಿವಿಡಿಯ ಸದ್ದು ಐದಾರು ಸ್ಪೀಕರಿಗೆಂದು ಹಂಚಿರುತ್ತದೆ. ನಮ್ಮ ಟಿವಿಗೆ ಇರುವುದು ಎರಡೇ. ಆಡಿಯೋ ಸೆಟ್ಟಿಂಗಿನಲ್ಲಿ ಎರಡು ಚಾನೆಲ್ ಪಿಸಿಎಂ ಇಟ್ಟು, ‘ಡೈನಮಿಕ್ ರೇಂಜ್ ಕಂಟ್ರೋಲ್’ ಆನ್ ಮಾಡಿದ ಮೇಲೆ ಮಾತು ಮೇಲೆದ್ದಿತು, ಅಬ್ಬರ ತಗ್ಗಿತು.

ಕರೆಂಟಿಗೆ ಬರೋಣ. ಪಾವಗಡದ ತಿರುಮಣಿಯ ಬಯಲಲ್ಲಿ 13 ಸಾವಿರ ಎಕರೆಯಲ್ಲಿ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಮಳೆಗಾಳಿ ಬೀಸಿದರೆ ನಮ್ಮ ಮನೆಯ ದೀಪ ಹೋಗುವುದೂ ಇದೆ. ಸಾಮಾನ್ಯ ಡಿವಿಡಿ ಪ್ಲೇಯರ್ ಇದ್ದಾಗ ಕರೆಂಟ್ ಬಂದ ಮೇಲೆ ಗುಂಡಿ ಒತ್ತಿದರೆ ಮುಗಿಯುತ್ತಿತ್ತು. ಇದು ಹಾಗಲ್ಲ, ಒಳಗೆ ಹಾರ್ಡ್‌ಡಿಸ್ಕ್ ಇರುವ ಕಂಪ್ಯೂಟರು. ಸರಿಯಾಗಿ ಆಫ್ ಆಗಿಲ್ಲ, ಪರೀಕ್ಷೆ ಮಾಡಲೇ ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ಅಮ್ಮ ಶಾಲೆಗೆ ಫೋನ್ ಮಾಡುತ್ತಾರೆ, ನಾನು ತರಗತಿಯಿಂದ ಹೊರಬಂದು “ಓಕೆ ಒತ್ತು” ಎನ್ನುತ್ತೇನೆ. ಕಂಪ್ಯೂಟರಿಗೆ ಇಡುವಂಥ ಸಣ್ಣ ಯುಪಿಎಸ್ ಇಟ್ಟ ಮೇಲೆ ಆ ಫೋನುಗಳು ನಿಂತವು. ಕರೆಂಟ್ ಹೋದಾಗ ನಿಧಾನಕ್ಕೆ ಆಫ್ ಮಾಡುವಷ್ಟು ಹೊತ್ತು ಅದು ತಡೆಯುತ್ತದೆ, ಹೆಚ್ಚು ಕೇಳಬಾರದು.

ಬಿಲ್ಲಿನ ಲೆಕ್ಕವನ್ನೂ ಹಾಕಿ ನೋಡಿದೆ. 2006ರ ದಪ್ಪ ಮಾದರಿ ಸಿನಿಮಾ ತೋರಿಸುವಾಗಲೂ 150 ವ್ಯಾಟ್‌ಗಿಂತ ಹೆಚ್ಚು ಎಳೆಯುತ್ತದೆ. ತೆಳು ಮಾದರಿ ಅದರ ಅರ್ಧದ ಆಸುಪಾಸು. ಟಿವಿಗೆ ಚುಚ್ಚುವ ಸ್ಟಿಕ್ಕಿಗೆ ಐದು ವ್ಯಾಟ್ ಸಾಕು. ದಿನಕ್ಕೆ ಮೂರು ಗಂಟೆ ಎಂದಿಟ್ಟುಕೊಂಡರೆ ತೆಳು ಮಾದರಿಗೆ ತಿಂಗಳಿಗೆ ಏಳು ಯೂನಿಟ್, ದಪ್ಪದಕ್ಕೆ ಹದಿನಾಲ್ಕು. 2023ರಲ್ಲಿ ಗೃಹಜ್ಯೋತಿ ಬಂದಾಗ ಉಚಿತದ ಮಿತಿಯನ್ನು ಕಟ್ಟಿದ್ದು ಹಿಂದಿನ ವರ್ಷದ ಸರಾಸರಿಗೆ ಶೇ 10 ಸೇರಿಸಿ. ತಿಂಗಳಿಗೆ 70 ಯೂನಿಟ್ ಸುಡುತ್ತಿದ್ದ ಮನೆಗೆ ಸಿಕ್ಕ ಹೆಚ್ಚುವರಿಯೇ ಏಳು ಯೂನಿಟ್. ಅಂದರೆ ತೆಳು ಮಾದರಿ ಅದನ್ನು ಪೂರಾ ನುಂಗುತ್ತದೆ, ದಪ್ಪ ಮಾದರಿಯಾದರೆ ಬಿಲ್ಲು ಬರುತ್ತದೆ. ಹಾಡು ಕೇಳಲೆಂದು ಟಿವಿ, ಪೆಟ್ಟಿಗೆ ಎರಡನ್ನೂ ಹಚ್ಚುವುದು ಆ ಲೆಕ್ಕದಲ್ಲಿ ದಂಡ. ಬೆಳಗಿನ ದಾಸರ ಪದಕ್ಕೆ ಅಪ್ಪನ ರೇಡಿಯೋ ಮರಳಿ ಬಂತು.

ಬಿಸಿಯ ಬಗ್ಗೆ ಒಂದು ಮಾತು. ನಮ್ಮ ಕಡೆ ಮನೆಗೆ ಬಂದ ಯಾವ ವಸ್ತುವಿಗೂ ಕಸೂತಿ ಹಾಕಿದ ಬಟ್ಟೆ ಹೊದಿಸದಿದ್ದರೆ ಸಮಾಧಾನವಿಲ್ಲ. ಗಾಜಿನ ಷೋಕೇಸ್ ಇದ್ದರೆ ಅದರೊಳಗೆ. ಈ ಪೆಟ್ಟಿಗೆಗೆ ಎರಡೂ ವಿಷ. ಏಪ್ರಿಲ್ ತಿಂಗಳ ಮಧುಗಿರಿಯಲ್ಲಿ, ಏಕಶಿಲೆಯ ಬೆಟ್ಟ ಹಗಲೆಲ್ಲ ಕಾದು ರಾತ್ರಿಯೂ ಝಳ ಬಿಡುವಾಗ, ಅದರ ಫ್ಯಾನು ರಾಗಿ ಮಿಲ್ಲಿನಂತೆ ಭೋರಿಡುತ್ತದೆ. ಗಾಳಿ ಸಾಲದಿದ್ದರೆ ಕುಂಯ್‌ಗುಟ್ಟಿ ತಾನೇ ಆಫ್ ಆಗುತ್ತದೆ. ತೆರೆದ ಮೇಜಿನ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಬೇಕು. ಕಡಲೆಕಾಯಿ ಬಿಡಿಸುವ ಕಾಲದ ದೂಳಿಗೆ ಅದರ ಕಿಂಡಿಗಳನ್ನು ಆಗಾಗ ಬ್ರಷ್ಷಿನಿಂದ ಒರೆಸಬೇಕು.

ವಿದೇಶದಲ್ಲಿರುವ ನೆಂಟರು ತಂದುಕೊಡುವ ಪೆಟ್ಟಿಗೆಯಾದರೆ ಇನ್ನೊಂದು ನೋಡಿಕೊಳ್ಳಿ. ಡಿವಿಡಿಗಳಿಗೆ ಪ್ರದೇಶ ಸಂಖ್ಯೆ ಇರುತ್ತದೆ: ಅಮೆರಿಕ 1, ಯುರೋಪ್ ಮತ್ತು ಜಪಾನ್ 2, ಭಾರತ 5. ಅಮೆರಿಕದ ಪೆಟ್ಟಿಗೆ 5ರ ಡಿಸ್ಕನ್ನು ಓಡಿಸುವುದಿಲ್ಲ.

ಹೊಸದಾದಷ್ಟೂ ಒಳ್ಳೆಯದೇ ಎಂದರೆ ಈ ಕೆಲಸಕ್ಕೆ ಅದು ನಿಜವಲ್ಲ. ಪ್ಲೇಸ್ಟೇಷನ್ 4ರಲ್ಲಿ, 5ರಲ್ಲಿ ಆಡಿಯೋ ಸಿಡಿ ಓಡುವುದೇ ಇಲ್ಲ. 5ರ ಡಿಜಿಟಲ್ ಮಾದರಿಗೆ ಡಿಸ್ಕ್ ಹಾಕುವ ಬಾಯಿಯೇ ಇಲ್ಲ. ಡಿಸ್ಕುಗಳ ಕಟ್ಟು ಇಟ್ಟುಕೊಂಡಿರುವ ಮುದುಕರ ಮನೆಗೆ ತೆಳು ಪ್ಲೇಸ್ಟೇಷನ್ 3 ಈಗಲೂ ಉಪಯೋಗಕ್ಕೆ ಬರುವ ಯಂತ್ರ. ಅದರ ಫೋಟೋ ಸ್ಲೈಡ್‌ಶೋ ಒಂದಕ್ಕಾಗಿಯೇ ಅಮ್ಮ ಅದನ್ನು ಬಿಟ್ಟುಕೊಡಲಾರರು. ಪ್ರಿಂಟ್ ಹಾಕಿಸಿದ ಫೋಟೋಗಳನ್ನು ಯಾರೋ ಒಂದೊಂದಾಗಿ ಮೇಜಿನ ಮೇಲೆ ಬೀಳಿಸುತ್ತಿರುವ ಹಾಗೆ ತೋರಿಸುತ್ತದೆ. ಶಿರಾದ ನನ್ನ ತಂಗಿಯ ಮದುವೆಯ ಫೋಟೋಗಳು ಹಾಗೆ ಬೀಳುತ್ತಿದ್ದರೆ ಮನೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಆದರೆ ಇದಕ್ಕೆಂದೇ ಗೇಮ್ ಪೆಟ್ಟಿಗೆ ಕೊಳ್ಳಬೇಡಿ. ಮನೆಯಲ್ಲಿದ್ದರೆ ಅಟ್ಟದಿಂದ ಇಳಿಸಿ, ಟಿವಿ ರಿಮೋಟಿಗೆ ಹೊಂದಿಸಿ, ಗೋಡೆಗೆ ನಂಬರ್ ಪಟ್ಟಿ ಹಚ್ಚಿ. ಇಲ್ಲದಿದ್ದರೆ ಸ್ಟಿಕ್ಕೊಂದು, ಮಾತು ಸ್ಪಷ್ಟವಾಗಿ ಕೇಳುವ ಸ್ಪೀಕರೊಂದು ತನ್ನಿ. ಎರಡರಲ್ಲಿ ಯಾವುದಾದರೂ ಸರಿ, ಅದಕ್ಕೂ ಮೊದಲು ಬೀರು ತೆಗೆದು ನಾಟಕದ, ಮದುವೆಯ ಆ ವಿಸಿಡಿಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಸ್ಟುಡಿಯೋದವರು ಬರೆದುಕೊಟ್ಟ ಡಿಸ್ಕಿನ ಬಣ್ಣದ ಪದರ ವರ್ಷ ಕಳೆದಂತೆ ಮಾಸುತ್ತದೆ. ನಮ್ಮ ಕಟ್ಟಿನಲ್ಲಿದ್ದ ಎರಡು ಡಿಸ್ಕುಗಳು ಯಾವ ಯಂತ್ರಕ್ಕೂ ಓದಲು ಸಿಗಲಿಲ್ಲ. ಕರ್ಣನ ಕೊನೆಯ ಸೀನು ಇದ್ದದ್ದು ಅವುಗಳಲ್ಲೊಂದರಲ್ಲಿ.